ಕೆಂಡದಲ್ಲಿ ಸುಟ್ಟ ಮೀನು (ಕೃಷ್ಣಾ–ಭೀಮಾ ತೀರ)

ಕೆಂಡದಲ್ಲಿ ಸುಟ್ಟ ಮೀನು ಎಂಬುದು ಆಗತಾನೇ ಹಿಡಿದ ಸಿಹಿನೀರಿನ ಮೀನನ್ನು ನದಿ ಅಥವಾ ಜಲಾಶಯದ ದಂಡೆಯಲ್ಲಿಯೇ ಕಟ್ಟಿಗೆ ಅಥವಾ ಕುಳ್ಳಿನ ಕೆಂಡದ ಮೇಲೆ ಬೇಯಿಸಿ ತಯಾರಿಸುವ ಸರಳ ಆಹಾರವಾಗಿದೆ. ಇದಕ್ಕೆ ಪಾತ್ರೆ, ಎಣ್ಣೆ ಅಥವಾ ಒಲೆಯ ಅಗತ್ಯವಿಲ್ಲ. ಉಪ್ಪು, ಖಾರ ಮತ್ತು ಹುಳಿ ಇದರ ಮುಖ್ಯ ಸೇರ್ಪಡೆಗಳು. ಮೀನುಗಾರರು ದೀರ್ಘಕಾಲ ನೀರಿನ ಬಳಿ ಇರಬೇಕಾದ ಎಲ್ಲ ಪ್ರದೇಶಗಳಲ್ಲಿಯೂ ಈ ವಿಧಾನ ಯಾವುದಾದರೊಂದು ರೂಪದಲ್ಲಿ ಕಂಡುಬರುತ್ತದೆ. ಈ ಲೇಖನವು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ನದಿತೀರಗಳ ಹಿನ್ನೆಲೆಯಲ್ಲಿ ಈ ಆಹಾರವನ್ನು, ಅದಕ್ಕೆ ಆಧಾರವಾದ ಮೀನುಗಾರಿಕೆಯ ಋತುವನ್ನು ಮತ್ತು ಅನುಸರಿಸಬೇಕಾದ ಎಚ್ಚರಿಕೆಗಳನ್ನು ವಿವರಿಸುತ್ತದೆ.

ಸುಟ್ಟ ಮೀನಿನ ರುಚಿ ಮಸಾಲೆಗಿಂತ ಹೆಚ್ಚಾಗಿ ಮೀನಿನ ತಾಜಾತನವನ್ನು ಅವಲಂಬಿಸಿದೆ. ತಾಜಾ ಮೀನಿನ ಲಭ್ಯತೆಯು ನದಿಯ ನೀರಿನ ಏರಿಳಿತವನ್ನು ಅವಲಂಬಿಸಿದೆ. ಮೀನು ಅತಿ ಸುಲಭವಾಗಿ ಸಿಗುವ ಹೊಸ ನೀರಿನ ಕಾಲವೇ ಅದು ಮೊಟ್ಟೆಯಿಡುವ ಕಾಲವೂ ಆಗಿರುವುದರಿಂದ, ಯಾವಾಗ ಹಿಡಿಯಬೇಕು ಎಂಬ ಪ್ರಶ್ನೆಯು ಹೇಗೆ ಸುಡಬೇಕು ಎಂಬುದರಷ್ಟೇ ಮುಖ್ಯವಾಗಿದೆ.

ಭೌಗೋಳಿಕ ಹಿನ್ನೆಲೆ

ವಿಜಯಪುರ ಜಿಲ್ಲೆಯು ಕರ್ನಾಟಕದ ಒಣ ಪ್ರದೇಶಗಳಲ್ಲಿ ಒಂದು. ಇಲ್ಲಿನ ವಾರ್ಷಿಕ ಸರಾಸರಿ ಮಳೆ ಸುಮಾರು 600 ಮಿ.ಮೀ. ಮಾತ್ರ. ಆದರೂ ಜಿಲ್ಲೆಯ ಎರಡು ಅಂಚುಗಳಲ್ಲಿ ಎರಡು ದೊಡ್ಡ ನದಿಗಳು ಹರಿಯುತ್ತವೆ. ಉತ್ತರದಲ್ಲಿ ಇಂಡಿ ಮತ್ತು ಸಿಂದಗಿ ಭಾಗದ ಅಂಚಿನಲ್ಲಿ ಭೀಮಾ ನದಿ ಹರಿಯುತ್ತದೆ. ಅದರ ಆಚೆಯ ದಡದ ಒಂದು ಭಾಗದಲ್ಲಿ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಿದೆ. ದಕ್ಷಿಣದಲ್ಲಿ ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳ ಭಾಗದ ಅಂಚಿನಲ್ಲಿ ಕೃಷ್ಣಾ ನದಿ ಹರಿಯುತ್ತದೆ. ಜಿಲ್ಲೆಯ ನಡುವೆ ಹರಿಯುವ ಡೋಣಿ ನದಿಯು ಕೃಷ್ಣೆಯನ್ನು ಸೇರುತ್ತದೆ.

ಕೃಷ್ಣೆಯು ಮಹಾಬಳೇಶ್ವರದಲ್ಲಿಯೂ ಭೀಮೆಯು ಭೀಮಾಶಂಕರದಲ್ಲಿಯೂ, ಅಂದರೆ ಎರಡೂ ನದಿಗಳು ಮಹಾರಾಷ್ಟ್ರದ ಪಶ್ಚಿಮ ಘಟ್ಟಗಳಲ್ಲಿ ಹುಟ್ಟುತ್ತವೆ. ಆದ್ದರಿಂದ ಇಲ್ಲಿನ ಹೊಲಗಳು ಮಳೆಗಾಗಿ ಕಾಯುತ್ತಿರುವಾಗಲೂ ಘಟ್ಟದ ಮಳೆಯಿಂದ ನದಿಗೆ ಪ್ರವಾಹ ಬರಬಹುದು. ಭೀಮಾ ನದಿಯ ನೀರಿನ ಮಟ್ಟವು ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಡುವ ನೀರನ್ನು ಬಹುಮಟ್ಟಿಗೆ ಅವಲಂಬಿಸಿದೆ. ಮೀನುಗಾರಿಕೆಯ ಋತುವನ್ನು ಸ್ಥಳೀಯ ಮಳೆಗಿಂತ ದೂರದ ಘಟ್ಟದ ಮಳೆ ಮತ್ತು ಅಣೆಕಟ್ಟುಗಳ ಬಾಗಿಲುಗಳು ನಿರ್ಧರಿಸುವುದು ಈ ಪ್ರದೇಶದ ವಿಶೇಷವಾಗಿದೆ.

ಅಣೆಕಟ್ಟುಗಳು ಮತ್ತು ಮೀನುಗಾರಿಕೆಯ ಬದಲಾವಣೆ

ಕೃಷ್ಣಾ ಮೇಲ್ದಂಡೆ ಯೋಜನೆಯು ಈ ಭಾಗದ ಮೀನುಗಾರಿಕೆಯ ಸ್ವರೂಪವನ್ನೇ ಬದಲಿಸಿತು. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದರು. ಅವರ ಹೆಸರನ್ನೇ ಪಡೆದ ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರವನ್ನು 2006ರ ಆಗಸ್ಟ್‌ನಲ್ಲಿ ಅಂದಿನ ರಾಷ್ಟ್ರಪತಿ ಎ. ಪಿ. ಜೆ. ಅಬ್ದುಲ್ ಕಲಾಂ ಅವರು ರಾಷ್ಟ್ರಕ್ಕೆ ಸಮರ್ಪಿಸಿದರು. ಜಲಾಶಯದ ಗರಿಷ್ಠ ಮಟ್ಟ 519.60 ಮೀಟರ್ ಮತ್ತು ಸಂಗ್ರಹ ಸಾಮರ್ಥ್ಯ ಸುಮಾರು 123 ಟಿಎಂಸಿ ಅಡಿ. ಇದರ ಕೆಳಭಾಗದಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯವಿದೆ. ಅದರ ಹಿನ್ನೀರು ಮುದ್ದೇಬಿಹಾಳ ಭಾಗದ ದಂಡೆಗಳವರೆಗೆ ಚಾಚಿದೆ.

ಜಲಾಶಯಗಳ ಹಿನ್ನೀರಿನಲ್ಲಿ ಅನೇಕ ಗ್ರಾಮಗಳು ಮತ್ತು ಫಲವತ್ತಾದ ನದಿತೀರದ ಹೊಲಗಳು ಮುಳುಗಡೆಯಾದವು. ಮೊದಲು ಹರಿಯುವ ನೀರು, ಬಂಡೆಗಳ ಸಂದು ಮತ್ತು ಬೇಸಿಗೆಯ ಮಡುಗಳಲ್ಲಿ ನಡೆಯುತ್ತಿದ್ದ ಮೀನುಗಾರಿಕೆಯು ವಿಶಾಲವಾದ ನಿಂತ ನೀರಿಗೆ ಸ್ಥಳಾಂತರಗೊಂಡಿತು. ಇದರಿಂದ ಎರಡು ಪರಿಣಾಮಗಳು ಉಂಟಾದವು. ಒಂದೆಡೆ, ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಮೀನು ಸಿಗುವ ದೊಡ್ಡ ಜಲರಾಶಿ ದೊರೆಯಿತು. ಇನ್ನೊಂದೆಡೆ, ಮೊಟ್ಟೆಯಿಡಲು ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಚಲಿಸುವ ಮೀನುಗಳ ದಾರಿಗೆ ಅಡ್ಡಿಯಾಯಿತು.

ಮೀನುಗಾರಿಕೆಯ ಋತು

ಈ ಭಾಗದ ಮೀನುಗಾರಿಕೆಯ ವರ್ಷವನ್ನು ಸ್ಥೂಲವಾಗಿ ಮೂರು ಹಂತಗಳಾಗಿ ವಿಂಗಡಿಸಬಹುದು.

ಹೊಸ ನೀರಿನ ಕಾಲ (ಜೂನ್‌ನಿಂದ ಸೆಪ್ಟೆಂಬರ್): ಪ್ರವಾಹದ ಕೆಂಪು ನೀರು ಬರುತ್ತಿದ್ದಂತೆ ಗೆಂಡೆ ಜಾತಿಯ ಮೀನುಗಳು ಮೊಟ್ಟೆಯಿಡಲು ಮೇಲ್ಮುಖವಾಗಿ ಮತ್ತು ದಂಡೆಯ ಆಳವಿಲ್ಲದ ನೀರಿಗೆ ಚಲಿಸುತ್ತವೆ. ಇದೇ ವರ್ತನೆಯನ್ನು ಆಧರಿಸಿ ಮಲೆನಾಡಿನಲ್ಲಿ ಮೊದಲ ಮಳೆಗೆ ಮೇಲೇರುವ ಮೀನನ್ನು ಹತ್ತುಮೀನು ಎಂದು ಕರೆಯುತ್ತಾರೆ. ಈ ಕಾಲದಲ್ಲಿ ಮೀನು ಗುಂಪಾಗಿ, ಆಳವಿಲ್ಲದ ಕಡೆ ಇರುವುದರಿಂದ ಸುಲಭವಾಗಿ ಸಿಕ್ಕಿಬೀಳುತ್ತದೆ. ಇದು ಮೀನಿಗೂ ಮನುಷ್ಯನಿಗೂ ಅಪಾಯಕಾರಿಯಾದ ಅವಧಿ.

ನೀರು ತಿಳಿಯಾಗುವ ಕಾಲ (ಅಕ್ಟೋಬರ್‌ನಿಂದ ಫೆಬ್ರವರಿ): ಪ್ರವಾಹ ಇಳಿದು ನೀರು ತಿಳಿಯಾದ ನಂತರ ಬಲೆ ಬಿಡುವ ಕೆಲಸ ಕ್ರಮವಾಗಿ ನಡೆಯುತ್ತದೆ. ಮಳೆಗಾಲದ ಮೇವಿನಿಂದ ಕೊಬ್ಬಿದ ಮೀನು ಸಿಗುವ ಈ ತಿಂಗಳುಗಳು ಸುಡುವುದಕ್ಕೆ ಹೆಚ್ಚು ಅನುಕೂಲಕರವಾಗಿವೆ. ರಾತ್ರಿಯ ಚಳಿಗೆ ಹಾಕಿದ ಬೆಂಕಿಯೇ ಅಡುಗೆಯ ಕೆಂಡವೂ ಆಗುತ್ತದೆ.

ನೀರು ಇಳಿಯುವ ಕಾಲ (ಮಾರ್ಚ್‌ನಿಂದ ಮೇ): ಬೇಸಿಗೆಯಲ್ಲಿ ನೀರಿನ ಹರವು ಕಡಿಮೆಯಾಗಿ ಮೀನುಗಳು ಮಡುಗಳಲ್ಲಿ ಒತ್ತಾಗುತ್ತವೆ. ಹಿಡಿಯುವುದು ಸುಲಭವಾದರೂ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಬಿಸಿಲಿನಲ್ಲಿ ಮೀನು ಬಹಳ ಬೇಗ ಕೆಡುತ್ತದೆ.

ಮಾಂಸಾಹಾರ ಸೇವಿಸುವ ಅನೇಕ ಕುಟುಂಬಗಳು ಶ್ರಾವಣ ಮಾಸದಲ್ಲಿ ಅದನ್ನು ಬಿಡುವ ರೂಢಿಯಿದೆ. ಧಾರ್ಮಿಕ ಕಾರಣದಿಂದ ಬಂದ ಈ ರೂಢಿಯು ಜುಲೈ–ಆಗಸ್ಟ್ ತಿಂಗಳುಗಳಲ್ಲಿ, ಅಂದರೆ ಮೀನು ಮೊಟ್ಟೆಯಿಡುವ ಅವಧಿಯ ನಡುಭಾಗದಲ್ಲಿಯೇ ಬರುತ್ತದೆ.

ಮೀನುಗಾರರು ಮತ್ತು ಸಾಧನಗಳು

ಅಂಬಿಗ, ಗಂಗಾಮತ, ಬೆಸ್ತ, ಕಬ್ಬಲಿಗ ಮತ್ತು ಕೋಲಿ ಎಂಬ ಹೆಸರುಗಳಿಂದ ಗುರುತಿಸಲ್ಪಡುವ ಸಮುದಾಯಗಳು ಉತ್ತರ ಕರ್ನಾಟಕದಲ್ಲಿ ದೋಣಿ ನಡೆಸುವಿಕೆ ಮತ್ತು ಮೀನುಗಾರಿಕೆಯೊಂದಿಗೆ ಪರಂಪರಾಗತ ಸಂಬಂಧ ಹೊಂದಿವೆ. 12ನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನವರು ತಮ್ಮ ಕಾಯಕದ ಹೆಸರನ್ನೇ ವಚನಗಳ ಅಂಕಿತವಾಗಿಸಿಕೊಂಡವರು. ಜಿಲ್ಲೆಯ ಗಣನೀಯ ಸಂಖ್ಯೆಯ ಜನರು ಸಸ್ಯಾಹಾರಿಗಳಾಗಿರುವುದರಿಂದ ಮೀನಿನ ಆಹಾರವು ಎಲ್ಲ ಮನೆಗಳ ಅಡುಗೆಯಲ್ಲ. ಅದು ಮುಖ್ಯವಾಗಿ ನದಿತೀರದ ಮತ್ತು ಮೀನುಗಾರ ಕುಟುಂಬಗಳ ಆಹಾರವಾಗಿ ಉಳಿದಿದೆ.

ಬಿದಿರಿನ ಹೆಣಿಗೆಯ ಹರಗೋಲು, ತೆಪ್ಪ ಹಾಗೂ ಇತ್ತೀಚೆಗೆ ಥರ್ಮಾಕೋಲ್ ಹಲಗೆಗಳ ತೆಪ್ಪಗಳನ್ನು ಒಳನಾಡು ಮೀನುಗಾರರು ಬಳಸುತ್ತಾರೆ. ಬೀಸುಬಲೆ, ನೀರಿನಲ್ಲಿ ಗೋಡೆಯಂತೆ ನಿಲ್ಲಿಸಿ ಮೀನಿನ ಕಿವಿರು ಸಿಕ್ಕಿಕೊಳ್ಳುವಂತೆ ಮಾಡುವ ನೈಲಾನ್ ಬಲೆ ಹಾಗೂ ಗಾಳ ಮುಖ್ಯ ಸಾಧನಗಳು. ಸಂಜೆ ಬಿಟ್ಟ ಬಲೆಯನ್ನು ಬೆಳಗಿನ ಜಾವ ಎತ್ತುವುದು ಸಾಮಾನ್ಯ ಕ್ರಮ. ಈ ನಡುವಿನ ರಾತ್ರಿಯನ್ನು ದಂಡೆಯಲ್ಲಿ ಕಳೆಯಬೇಕಾದಾಗ ಬುತ್ತಿಯ ರೊಟ್ಟಿಗೆ ಸುಟ್ಟ ಮೀನು ಜೊತೆಯಾಗುತ್ತದೆ. ತೂಕದ ಮೀನು ಮಾರಾಟಕ್ಕೆ ಹೋಗುವುದರಿಂದ ಸಣ್ಣ ಮೀನುಗಳೇ ಹೆಚ್ಚಾಗಿ ಕೆಂಡಕ್ಕೆ ಬೀಳುತ್ತವೆ.

ಸುಡಲು ಬಳಸುವ ಮೀನುಗಳು

ಕಾಟ್ಲಾ, ರೋಹು, ಮೃಗಾಲ್: ಭಾರತದ ಪ್ರಧಾನ ಗೆಂಡೆಗಳೆಂದು ಕರೆಯಲಾಗುವ ಈ ಮೂರೂ ಮೂಲತಃ ಗಂಗಾ ಮುಂತಾದ ಉತ್ತರ ಭಾರತದ ನದಿಗಳ ಮೀನುಗಳು. ಜಲಾಶಯಗಳಲ್ಲಿ ಮರಿಗಳನ್ನು ಬಿತ್ತಿ ಬೆಳೆಸಲಾಗುತ್ತದೆ. ಮಾಂಸದ ನಡುವೆ ಕವಲೊಡೆದ ಸಣ್ಣ ಮುಳ್ಳುಗಳಿರುವುದರಿಂದ ತಿನ್ನುವಾಗ ಎಚ್ಚರ ಬೇಕು.

ಸಾಮಾನ್ಯ ಗೆಂಡೆ: ವಿದೇಶದಿಂದ ತಂದ ತಳಿ. ಕೆಸರಿನ ತಳದಲ್ಲಿ ಮೇಯುವುದರಿಂದ ಮಣ್ಣಿನ ವಾಸನೆ ಬರುವುದುಂಟು.

ಕೊರವ: ಹಾವಿನ ತಲೆಯಂತಹ ತಲೆಯುಳ್ಳ ಈ ಮೀನಿನಲ್ಲಿ ಮಾಂಸದ ನಡುವಿನ ಸಣ್ಣ ಮುಳ್ಳುಗಳಿಲ್ಲ. ಗಾಳಿಯನ್ನು ನೇರವಾಗಿ ಉಸಿರಾಡಬಲ್ಲದಾದ್ದರಿಂದ ನೀರಿನಿಂದ ತೆಗೆದ ಮೇಲೂ ಕೆಲಕಾಲ ಜೀವಂತವಾಗಿರುತ್ತದೆ. ಬಿಗಿಯಾದ ಮಾಂಸದ ಕಾರಣ ಕೆಂಡದ ಮೇಲೆ ಒಡೆಯುವುದಿಲ್ಲ.

ಬಾಳೆ ಮೀನು: ಹುರುಪೆಯಿಲ್ಲದ, ಉದ್ದನೆಯ, ಮೀಸೆಯುಳ್ಳ ಬೇಟೆಗಾರ ಮೀನು. ಚರ್ಮ ತೆಳುವಾಗಿರುವುದರಿಂದ ತುಂಡು ಮಾಡಿ ಸುಡುವುದು ಅನುಕೂಲ.

ಜಿಲೇಬಿ ಮೀನು (ತಿಲಾಪಿಯಾ): ಆಫ್ರಿಕಾ ಮೂಲದ ಈ ಮೀನನ್ನು 1952ರಲ್ಲಿ ಭಾರತಕ್ಕೆ ತರಲಾಯಿತು. ಗಾತ್ರದಲ್ಲಿ ಚಿಕ್ಕದು, ದಪ್ಪ ಹುರುಪೆಯುಳ್ಳದ್ದು. ಇಡಿಯಾಗಿ ಸುಡಲು ಬಹಳ ಅನುಕೂಲಕರವಾದದ್ದು. ನಿಂತ ನೀರಿನಲ್ಲಿಯೇ ಸಂತಾನ ಹೆಚ್ಚಿಸಿಕೊಂಡು ಸ್ಥಳೀಯ ಮೀನುಗಳ ಮೇವಿಗೆ ಪೈಪೋಟಿ ನೀಡುತ್ತದೆ.

ತಯಾರಿಸುವ ವಿಧಾನ

ಮೀನನ್ನು ಶುಚಿಗೊಳಿಸುವುದು

ಇಡಿಯಾಗಿ ಸುಡುವ ಮೀನಿನ ಹುರುಪೆಯನ್ನು ತೆಗೆಯದೆ ಬಿಡುವುದು ಒಂದು ಕ್ರಮ. ಹುರುಪೆ ಮತ್ತು ಚರ್ಮ ಕವಚದಂತೆ ಕೆಲಸ ಮಾಡಿ ಒಳಗಿನ ರಸವನ್ನು ಉಳಿಸುತ್ತವೆ. ಬೆಂದ ಮೇಲೆ ಎರಡೂ ಒಟ್ಟಿಗೆ ಸುಲಿದು ಬರುತ್ತವೆ. ಆದರೆ ಹೊಟ್ಟೆಯನ್ನು ಸೀಳಿ ಕರುಳು ಮತ್ತು ಕಿವಿರುಗಳನ್ನು ತೆಗೆಯಲೇಬೇಕು, ಏಕೆಂದರೆ ಮೀನು ಮೊದಲು ಕೆಡುವುದು ಇವೇ ಭಾಗಗಳಲ್ಲಿ.

ಹೊಟ್ಟೆ ಸೀಳುವಾಗ ಯಕೃತ್ತಿನ ಬಳಿ ಇರುವ ಹಸಿರು ಬಣ್ಣದ ಪಿತ್ತಕೋಶ ಒಡೆಯದಂತೆ ನೋಡಿಕೊಳ್ಳಬೇಕು. ಒಡೆದರೆ ಮಾಂಸ ಕಹಿಯಾಗುತ್ತದೆ. ಹಾಗಾದಲ್ಲಿ ಆ ಭಾಗವನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಚೆನ್ನಾಗಿ ತೊಳೆಯಬೇಕು.

ಕೆಂಡ ಸಿದ್ಧಪಡಿಸುವುದು

ಸುಡುವುದು ಉರಿಯ ಮೇಲಲ್ಲ, ಕೆಂಡದ ಮೇಲೆ. ಕಟ್ಟಿಗೆ ಉರಿದು, ಹೊಗೆ ನಿಂತು, ಕೆಂಡದ ಮೇಲೆ ತೆಳುವಾದ ಬಿಳಿ ಬೂದಿ ಕಟ್ಟಿದಾಗ ಶಾಖ ಸಮನಾಗಿರುತ್ತದೆ. ಜಾಲಿ ಮತ್ತು ಬಳ್ಳಾರಿ ಜಾಲಿಯ ಕಟ್ಟಿಗೆ ಗಟ್ಟಿಯಾಗಿದ್ದು ದೀರ್ಘಕಾಲ ನಿಲ್ಲುವ ಕೆಂಡ ಕೊಡುತ್ತದೆ. ಒಣಗಿದ ತೊಗರಿ ಮತ್ತು ಹತ್ತಿಯ ಕಟ್ಟಿಗೆ ಬೇಗ ಹೊತ್ತಿಕೊಂಡು ಬೇಗ ಆರುವುದರಿಂದ ಬೆಂಕಿ ಹಚ್ಚಲು ಮತ್ತು ಸಣ್ಣ ಮೀನು ಸುಡಲು ಸಾಕಾಗುತ್ತದೆ. ಕುಳ್ಳಿನ ಕೆಂಡವು ನಿಧಾನವಾದ, ಸೌಮ್ಯವಾದ ಶಾಖ ನೀಡುತ್ತದೆ. ಬಣ್ಣ ಬಳಿದ ಹಲಗೆ, ಪ್ಲಾಸ್ಟಿಕ್ ಅಥವಾ ಟೈರಿನ ಬೆಂಕಿಯಲ್ಲಿ ಆಹಾರವನ್ನು ಸುಡಬಾರದು. ಹಾಗೆಯೇ ಕಣಗಿಲೆ ವಿಷಗಿಡವಾದ್ದರಿಂದ ಅದರ ಕಡ್ಡಿಗಳನ್ನು ಮೀನು ಚುಚ್ಚಲು ಬಳಸಬಾರದು.

ಸುಡುವ ಬಗೆಗಳು

ನೇರ ಕೆಂಡದಲ್ಲಿ: ಹುರುಪೆ ಸಹಿತವಾದ ಮೀನನ್ನು ಹರಡಿದ ಕೆಂಡದ ಮೇಲೆ ಇಟ್ಟು ಒಮ್ಮೆ ಮಾತ್ರ ಮಗುಚಲಾಗುತ್ತದೆ. ಪದೇ ಪದೇ ಮಗುಚಿದರೆ ಚರ್ಮ ಹರಿದು ಮಾಂಸಕ್ಕೆ ಬೂದಿ ಮೆತ್ತುತ್ತದೆ.

ಕಡ್ಡಿಗೆ ಚುಚ್ಚಿ: ಹಸಿ ಬಿದಿರಿನ ಸೀಳು ಅಥವಾ ಕಬ್ಬಿಣದ ಸರಳನ್ನು ಬಾಯಿಯಿಂದ ಬಾಲದವರೆಗೆ ತೂರಿಸಿ ಕೆಂಡದ ಪಕ್ಕದಲ್ಲಿ ಓರೆಯಾಗಿ ನೆಡಲಾಗುತ್ತದೆ.

ಜಾಳಿಗೆಯ ಮೇಲೆ: ಎರಡು ಕಡೆ ಕಲ್ಲು ಇಟ್ಟು ಕಬ್ಬಿಣದ ಜಾಳಿಗೆಯನ್ನು ಹಾಸಿ, ಹುರುಪೆ ತೆಗೆದು ಗೀರು ಹಾಕಿ ಖಾರ ಹಚ್ಚಿದ ಮೀನನ್ನು ಸುಡಲಾಗುತ್ತದೆ. ಜಾಳಿಗೆ ಮೊದಲೇ ಕಾದಿದ್ದರೆ ಚರ್ಮ ಅಂಟಿಕೊಳ್ಳುವುದಿಲ್ಲ.

ಎಲೆಯಲ್ಲಿ ಸುತ್ತಿ: ಬಾಳೆ ಎಲೆಯಲ್ಲಿ ಮೀನನ್ನು ಸುತ್ತಿ ಬಿಸಿ ಬೂದಿಯಲ್ಲಿ ಹೂಳಲಾಗುತ್ತದೆ. ಇದರಲ್ಲಿ ಮೀನು ಸುಡುವುದಕ್ಕಿಂತ ಹೆಚ್ಚಾಗಿ ತನ್ನದೇ ಹಬೆಯಲ್ಲಿ ಬೇಯುತ್ತದೆ.

ಚೆನ್ನಾಗಿ ಕಾದ ಕೆಂಡದಲ್ಲಿ 2.5 ಸೆಂ.ಮೀ. ದಪ್ಪಕ್ಕೆ ಸುಮಾರು 10 ನಿಮಿಷ ಎಂಬುದು ಸ್ಥೂಲ ಲೆಕ್ಕ. ಬೆನ್ನಿನ ದಪ್ಪ ಭಾಗದಲ್ಲಿ ಕಡ್ಡಿ ಚುಚ್ಚಿದಾಗ ಮಾಂಸ ಪದರ ಪದರವಾಗಿ ಬಿಡಿಸಿಕೊಂಡರೆ, ಗಾಜಿನಂತಿದ್ದ ಬಣ್ಣ ಹೋಗಿ ಬೆಳ್ಳಗಾಗಿದ್ದರೆ ಮತ್ತು ಬೆನ್ನೆಲುಬಿನ ಬಳಿ ರಕ್ತದ ಬಣ್ಣ ಇಲ್ಲದಿದ್ದರೆ ಮೀನು ಬೆಂದಿದೆ ಎಂದು ತಿಳಿಯಬಹುದು.

ಜೊತೆಯ ಆಹಾರ

ಈ ಭಾಗದ ಮುಖ್ಯ ಆಹಾರವಾದ ಬಿಳಿಜೋಳದ ರೊಟ್ಟಿಯೇ ಸುಟ್ಟ ಮೀನಿಗೂ ಜೊತೆಯಾಗುತ್ತದೆ. ದಂಡೆಗೆ ಒಯ್ಯುವ ಬುತ್ತಿಗೆ ಬೇಗ ಕೆಡದ ಕಟಕ್ ರೊಟ್ಟಿ ಅನುಕೂಲಕರ. ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ ಮತ್ತು ಉಪ್ಪನ್ನು ಅರೆದ ಖಾರ, ಶೇಂಗಾ ಚಟ್ನಿ ಹಾಗೂ ಹಸಿ ಉಳ್ಳಾಗಡ್ಡಿ ಇತರ ಜೊತೆಗಳು. ಹುಳಿಗೆ ಹುಣಸೆ ರಸ ಅಥವಾ ಲಿಂಬೆ ಬಳಸಲಾಗುತ್ತದೆ. ಇಂಡಿ ಭಾಗವು ಲಿಂಬೆ ಬೆಳೆಗೆ ಹೆಸರಾಗಿದ್ದು, ಇಂಡಿ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ.

ರುಚಿಯ ವೈಜ್ಞಾನಿಕ ಕಾರಣಗಳು

ಪ್ರಾಣಿಮಾಂಸಕ್ಕೆ ಹೋಲಿಸಿದರೆ ಮೀನಿನ ಸ್ನಾಯುಗಳನ್ನು ಬಂಧಿಸುವ ಕಾಲಜನ್ ಕಡಿಮೆ ಪ್ರಮಾಣದಲ್ಲಿದ್ದು, ಕಡಿಮೆ ಶಾಖದಲ್ಲಿಯೇ ಕರಗುತ್ತದೆ. ಹೀಗಾಗಿ ಮೀನು ಬೇಗ ಬೇಯುತ್ತದೆ ಮತ್ತು ಸ್ವಲ್ಪ ಹೆಚ್ಚಾದರೂ ಒಣಗುತ್ತದೆ. ಹೊರಭಾಗದ ಕಂದು ಬಣ್ಣ ಮತ್ತು ಪರಿಮಳ ಅಮೈನೊ ಆಮ್ಲಗಳು ಮತ್ತು ಸಕ್ಕರೆಗಳ ನಡುವೆ ಹೆಚ್ಚು ಶಾಖದಲ್ಲಿ ನಡೆಯುವ ಕ್ರಿಯೆಯಿಂದ ಉಂಟಾಗುತ್ತವೆ.

ಕೆರೆ ಮತ್ತು ಜಲಾಶಯದ ಮೀನಿನ ಮಣ್ಣಿನ ವಾಸನೆಗೆ ಜಿಯೋಸ್ಮಿನ್ ಎಂಬ ರಾಸಾಯನಿಕ ಮುಖ್ಯ ಕಾರಣ. ನೀರಿನಲ್ಲಿರುವ ನೀಲಿ-ಹಸಿರು ಪಾಚಿ ಮತ್ತು ಕೆಲವು ಬ್ಯಾಕ್ಟೀರಿಯಾಗಳು ಇದನ್ನು ಉತ್ಪತ್ತಿ ಮಾಡುತ್ತವೆ. ಅದು ಮೀನಿನ ಚರ್ಮ ಮತ್ತು ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ಆಮ್ಲೀಯ ವಾತಾವರಣದಲ್ಲಿ ಜಿಯೋಸ್ಮಿನ್ ವಾಸನೆಯಿಲ್ಲದ ವಸ್ತುವಾಗಿ ಬದಲಾಗುತ್ತದೆ. ಸಿಹಿನೀರಿನ ಮೀನಿಗೆ ಹುಣಸೆ ಅಥವಾ ಲಿಂಬೆ ಹಚ್ಚುವ ರೂಢಿಗೆ ಇದು ಸಮರ್ಥನೆಯನ್ನು ಒದಗಿಸುತ್ತದೆ.

ಐತಿಹಾಸಿಕ ಉಲ್ಲೇಖ

ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸ ಎಂಬ ಸಂಸ್ಕೃತ ಗ್ರಂಥದಲ್ಲಿ ಮೀನಿನ ಕುರಿತು ವಿವರಗಳಿವೆ. ಅದರ ಮತ್ಸ್ಯವಿನೋದ ಭಾಗವು ನದಿ ಮತ್ತು ಸಮುದ್ರದ ಮೀನುಗಳ ಬಗೆಗಳನ್ನು, ಅವುಗಳಿಗೆ ಹಾಕುವ ಮೇವನ್ನು ಮತ್ತು ಗಾಳ ಹಾಕುವ ಕ್ರಮವನ್ನು ತಿಳಿಸುತ್ತದೆ. ಅನ್ನಭೋಗ ಭಾಗದಲ್ಲಿ ಮಾಂಸ ಮತ್ತು ಮೀನಿನ ಅಡುಗೆಗಳ ವಿವರಣೆಯಿದೆ. ಇಂದಿನ ವಿಜಯಪುರ ಜಿಲ್ಲೆಯ ಪ್ರದೇಶವು ಆಗ ಕಲ್ಯಾಣ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿತ್ತು.

ಆರೋಗ್ಯ ಮತ್ತು ಸುರಕ್ಷತೆ

ತಾಜಾತನದ ಗುರುತುಗಳು: ಉಬ್ಬಿದ ಹೊಳೆಯುವ ಕಣ್ಣು, ಕೆಂಪಾದ ಕಿವಿರು, ಬೆರಳಿನಿಂದ ಒತ್ತಿದರೆ ಮತ್ತೆ ಮೇಲೇಳುವ ಮಾಂಸ ಮತ್ತು ನೀರಿನ ಸಹಜ ವಾಸನೆ ತಾಜಾ ಮೀನಿನ ಲಕ್ಷಣಗಳು. ಗುಳಿಬಿದ್ದ ಕಣ್ಣು, ಕಂದುಬಣ್ಣದ ಕಿವಿರು ಮತ್ತು ಮೃದುವಾದ ಹೊಟ್ಟೆಯುಳ್ಳ ಮೀನನ್ನು ಬಳಸಬಾರದು. ನೀರಿನಲ್ಲಿ ಸತ್ತು ತೇಲುತ್ತಿರುವ ಮೀನನ್ನು ಯಾವ ಕಾರಣಕ್ಕೂ ತಿನ್ನಬಾರದು. ಅದರ ಸಾವಿಗೆ ವಿಷ ಅಥವಾ ರೋಗ ಕಾರಣವಾಗಿರಬಹುದು.

ಪಿತ್ತಕೋಶದ ವಿಷ: ಮೀನಿನ ಪಿತ್ತಕೋಶವನ್ನು ಔಷಧಿಯೆಂದು ಹಸಿಯಾಗಿ ನುಂಗುವ ತಪ್ಪು ನಂಬಿಕೆ ಏಷ್ಯಾದ ಹಲವೆಡೆ ಇದೆ. ರೋಹು ಮತ್ತು ಹುಲ್ಲುಗೆಂಡೆ ಸೇರಿದಂತೆ ಗೆಂಡೆ ಜಾತಿಯ ಮೀನುಗಳ ಪಿತ್ತವು ಮನುಷ್ಯರಲ್ಲಿ ತೀವ್ರ ಮೂತ್ರಪಿಂಡ ವೈಫಲ್ಯವನ್ನು ಉಂಟುಮಾಡಬಲ್ಲದು. ಭಾರತದಲ್ಲಿಯೂ ಇಂತಹ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಬೇಯಿಸುವುದರಿಂದ ಈ ವಿಷ ಪೂರ್ಣವಾಗಿ ನಾಶವಾಗುವುದಿಲ್ಲ. ವಾಂತಿ, ಹೊಟ್ಟೆನೋವು ಕಾಣಿಸಿಕೊಂಡು ಮೂತ್ರದ ಪ್ರಮಾಣ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಅರೆಬೆಂದ ಮೀನು: ಸಿಹಿನೀರಿನ ಮೀನಿನಲ್ಲಿ ಪರಾವಲಂಬಿ ಹುಳುಗಳ ಮರಿಗಳಿರುವ ಸಾಧ್ಯತೆಯಿದೆ. ಮಾಂಸದ ಒಳಭಾಗದ ಉಷ್ಣತೆ ಕನಿಷ್ಠ 63 ಡಿಗ್ರಿ ಸೆಲ್ಸಿಯಸ್ ತಲುಪುವಂತೆ ಬೇಯಿಸಬೇಕು. ಹೊರಗೆ ಕರಿದಾಗಿ ಒಳಗೆ ಹಸಿಯಾಗಿ ಉಳಿಯುವುದು ಉರಿಯ ಮೇಲೆ ಸುಡುವವರು ಸಾಮಾನ್ಯವಾಗಿ ಮಾಡುವ ತಪ್ಪು. ಸುಟ್ಟು ಕರಕಾದ ಭಾಗದಲ್ಲಿ ಹಾನಿಕಾರಕ ರಾಸಾಯನಿಕಗಳು ಉಂಟಾಗುವುದರಿಂದ ಅದನ್ನು ತೆಗೆದುಹಾಕುವುದು ಒಳ್ಳೆಯದು.

ನದಿಯ ಅಪಾಯ: ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೆಳಭಾಗದ ದಂಡೆಗಳಲ್ಲಿ ನೀರು ಹಠಾತ್ತಾಗಿ ಏರುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆಯಲ್ಲಿಯೂ 2020ರ ಅಕ್ಟೋಬರ್‌ನಲ್ಲಿ ಭೀಮೆಯಲ್ಲಿಯೂ ಭಾರಿ ಪ್ರವಾಹ ಬಂದಿತ್ತು. ಎರಡನೆಯದು ಸಾಮಾನ್ಯವಾಗಿ ನೀರು ಇಳಿಯಬೇಕಾದ ತಿಂಗಳಿನಲ್ಲಿ ಬಂದದ್ದು ಗಮನಾರ್ಹ. ಕೃಷ್ಣಾ ನದಿಯಲ್ಲಿ ಮೊಸಳೆಗಳೂ ಇರುವುದರಿಂದ ಮೀನಿನ ಕರುಳನ್ನು ನೀರಿನ ಅಂಚಿನಲ್ಲಿಯೇ ತೊಳೆದು ಎಸೆಯುವುದು ಅಪಾಯಕಾರಿ.

ಸಂರಕ್ಷಣೆ ಮತ್ತು ಕಾನೂನು

ಒಂದು ಹೆಣ್ಣು ರೋಹು ಮೀನು ತನ್ನ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಲಕ್ಷಕ್ಕೂ ಮಿಗಿಲಾದ ಮೊಟ್ಟೆಗಳನ್ನು ಇಡುತ್ತದೆ. ಆದ್ದರಿಂದ ಹೊಸ ನೀರಿನಲ್ಲಿ ಹಿಡಿದ ಮೊಟ್ಟೆ ತುಂಬಿದ ಒಂದು ಮೀನು ಎಂದರೆ ಮುಂದಿನ ಋತುವಿನ ಮೀನುಗಳನ್ನೇ ಕಳೆದುಕೊಂಡಂತೆ. ನಿಂತ ನೀರಿನಲ್ಲಿ ಪ್ರಧಾನ ಗೆಂಡೆಗಳು ಸಹಜವಾಗಿ ಮೊಟ್ಟೆಯಿಡುವುದಿಲ್ಲ. 1957ರ ಜುಲೈ 10ರಂದು ವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತು ಅವರ ಸಹೋದ್ಯೋಗಿಗಳು ಹಾರ್ಮೋನ್ ಚುಚ್ಚುಮದ್ದಿನ ಮೂಲಕ ಈ ಗೆಂಡೆಗಳಿಂದ ಮೊಟ್ಟೆಯಿಡಿಸುವಲ್ಲಿ ಯಶಸ್ವಿಯಾದರು. ಇದರ ನೆನಪಿಗಾಗಿ ಆ ದಿನವನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸಲಾಗುತ್ತದೆ. ಇಂದು ಜಲಾಶಯಗಳಿಗೆ ಬಿತ್ತುವ ಮರಿಗಳು ಈ ವಿಧಾನದ ಫಲ. ವಿಜಯಪುರದ ಭೂತನಾಳದಲ್ಲಿ ಒಳನಾಡು ಮೀನುಗಾರಿಕೆಗೆ ಸಂಬಂಧಿಸಿದ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದ್ದು, ಅದು ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿದೆ.

ಬಿತ್ತನೆಯಿಂದ ಕಾಟ್ಲಾ, ರೋಹುಗಳ ಕೊರತೆಯನ್ನು ತುಂಬಬಹುದಾದರೂ, ಯಾರೂ ಮರಿ ಬಿತ್ತದ ಸ್ಥಳೀಯ ನದಿಮೀನುಗಳಿಗೆ ಪ್ರವಾಹ ಕಾಲದ ಬಿಡುವೇ ಉಳಿವಿನ ಮುಖ್ಯ ದಾರಿಯಾಗಿದೆ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯು ಸ್ಫೋಟಕ ಮತ್ತು ವಿಷ ಬಳಸಿ ಮೀನು ಹಿಡಿಯುವುದನ್ನು ಅಪರಾಧವೆಂದು ಪರಿಗಣಿಸಿತು. ರಾಜ್ಯದ ಒಳನಾಡು ನೀರಿನ ಮೀನುಗಾರಿಕೆಯ ಸಂರಕ್ಷಣೆ ಮತ್ತು ನಿಯಂತ್ರಣಕ್ಕಾಗಿ 1996ರಲ್ಲಿ ಕರ್ನಾಟಕ ಒಳನಾಡು ಮೀನುಗಾರಿಕೆ ಅಧಿನಿಯಮವನ್ನು ರೂಪಿಸಲಾಯಿತು. ಜಲಾಶಯಗಳಲ್ಲಿ ಮೀನು ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕಾಗುತ್ತದೆ. ಕರಾವಳಿಯ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ಇರುವ 61 ದಿನಗಳ ನಿಷೇಧ ವ್ಯಾಪಕವಾಗಿ ತಿಳಿದಿದೆ. ಒಳನಾಡಿನ ಮೀನಿಗೂ ಅಂತಹದೇ ಬಿಡುವು ಅಗತ್ಯವೆಂಬ ಅರಿವು ಅಷ್ಟಾಗಿ ಹರಡಿಲ್ಲ.

ಇತರ ಪ್ರದೇಶಗಳಲ್ಲಿ

ಕರ್ನಾಟಕದ ಕರಾವಳಿಯಲ್ಲಿ ಬಂಗುಡೆಯನ್ನು ಕೆಂಡದಲ್ಲಿ ಸುಡುವ ಮತ್ತು ಒಣಮೀನನ್ನು ಸುಟ್ಟು ಗಂಜಿಯೊಂದಿಗೆ ತಿನ್ನುವ ರೂಢಿಯಿದೆ. ಇರಾಕಿನ ಮಸ್ಗೂಫ್ ಎಂಬ ಆಹಾರವು ಕೃಷ್ಣಾ ತೀರದ ಸುಟ್ಟ ಮೀನಿಗೆ ಹತ್ತಿರದ ಹೋಲಿಕೆಯಾಗಿದೆ. ಟೈಗ್ರಿಸ್ ನದಿಯ ದಂಡೆಯಲ್ಲಿ ಗೆಂಡೆ ಮೀನನ್ನು ಬೆನ್ನಿನ ಕಡೆಯಿಂದ ಸೀಳಿ, ಅಗಲವಾಗಿ ಬಿಡಿಸಿ, ಬೆಂಕಿಯ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿ ನಿಧಾನವಾಗಿ ಸುಡಲಾಗುತ್ತದೆ. ಅಲ್ಲಿಯೂ ಉಪ್ಪು ಮತ್ತು ಹುಣಸೆಯ ಹುಳಿಯನ್ನು ಬಳಸುತ್ತಾರೆ. ಜಪಾನಿನಲ್ಲಿ ಆಯು ಎಂಬ ನದಿಮೀನನ್ನು ಕಡ್ಡಿಗೆ ಚುಚ್ಚಿ ಉಪ್ಪು ಸವರಿ ಸುಡಲಾಗುತ್ತದೆ. ಅಲ್ಲಿ ಈ ಮೀನು ಹಿಡಿಯಲು ನಿರ್ದಿಷ್ಟ ಋತುವಿದ್ದು, ಋತುವಿನ ಆರಂಭವನ್ನು ಜನರು ಎದುರುನೋಡುತ್ತಾರೆ.

ಇವನ್ನೂ ನೋಡಿ

ಆಲಮಟ್ಟಿ ಅಣೆಕಟ್ಟು
ಭೀಮಾ ನದಿ
ಕೃಷ್ಣಾ ನದಿ
ಜೋಳದ ರೊಟ್ಟಿ
ಮಾನಸೋಲ್ಲಾಸ
ಅಂಬಿಗರ ಚೌಡಯ್ಯ
ವಿಜಯಪುರ ಜಿಲ್ಲೆ